ಕಣ್ಣಿಗೆ ಕರೆಂಟ್

ಮೊದಲು ಸೊಟ್ಟಗಾಗಿದ್ದು ತಲೆಕಟ್ಟು.

2014ರ ದೀಪಾವಳಿ ಹೊತ್ತು. ಸಾಗರದಿಂದ ಅಣ್ಣ ಕಳಿಸಿದ್ದ ವಿಶೇಷಾಂಕ ಹಿಡಿದು ಕೂತಿದ್ದೆ. ಸಾಲಿನ ನಡುವಿನ ತಲೆಕಟ್ಟುಗಳು ನೀರಲ್ಲಿ ಬಿದ್ದ ನೆರಳಿನ ಹಾಗೆ ಕದಲುತ್ತಿದ್ದವು. ಒತ್ತಕ್ಷರ ಇರಬೇಕಾದ ಕಡೆ ಏನೋ ಮಸಿ. 'ಅಕ್ಕ' ಎಂದು ಬರೆದದ್ದು 'ಅಕ' ಎಂದು ಕಾಣುತ್ತಿತ್ತು. ಕನ್ನಡಕ ಒರೆಸಿದೆ, ದೀಪ ಹಾಕಿದೆ, ಪುಸ್ತಕ ದೂರ ಹಿಡಿದೆ. ಏನೂ ಆಗಲಿಲ್ಲ. ಕೊನೆಗೆ ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಎಡಗಣ್ಣಿಗೆ ಎಲ್ಲ ಸರಿಯಾಗಿತ್ತು. ಬಲಗಣ್ಣಿಗೆ ಮಾತ್ರ ಎದುರಿನ ಬಾಗಿಲ ಚೌಕಟ್ಟು ನಡುವಿನಲ್ಲಿ ಬಾಗಿಹೋಗಿತ್ತು.

ನನಗಾಗ 69 ವರ್ಷ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಬಹಳ ವರ್ಷ ಶಾಲಾ ಮಕ್ಕಳಿಗೆ ಗಣಿತ ಕಲಿಸಿದವಳು ನಾನು. ಬೋರ್ಡಿನ ಮೇಲೆ ಸಾವಿರಾರು ನೇರ ಗೆರೆ ಎಳೆದಿದ್ದೇನೆ. ನೇರ ಇರುವುದು ಬಾಗಿ ಕಂಡಾಗ ಹೊಟ್ಟೆಯೊಳಗೆ ತಣ್ಣಗಾಯಿತು.

ಇಲ್ಲಿ ಕಣ್ಣಿನ ತೊಂದರೆಗೆ ಜನ ಮೊದಲು ಹೋಗುವುದು ಪೇಟೆ ಬೀದಿಯ ಕನ್ನಡಕದಂಗಡಿಗೆ. ಅದಕ್ಕೆಂದೇ ಓದಿದ ಪರೀಕ್ಷಕರು ಅಲ್ಲಿ ಇರುತ್ತಾರೆ. ಆ ಹುಡುಗಿ ನನ್ನ ಮುಂದೆ ಒಂದು ಚೀಟಿ ಹಿಡಿದಳು. ಗಣಿತದ ಪುಸ್ತಕದ ಚೌಕುಳಿ ಹಾಳೆಯ ಹಾಗೇ ಇತ್ತು, ನಡುವೆ ಒಂದು ಚುಕ್ಕೆ. ಆಮ್ಸ್ಲರ್ ಚೌಕ ಎನ್ನುತ್ತಾರೆ. ಚುಕ್ಕೆಯನ್ನೇ ನೋಡಿ, ಸುತ್ತಲಿನ ಗೆರೆ ಹೇಗಿವೆ ಹೇಳಿ ಎಂದಳು. ಬಲಗಣ್ಣಿಗೆ ಚುಕ್ಕೆಯ ಸುತ್ತಲಿನ ಮನೆಗಳೆಲ್ಲ ಕುಗ್ಗಿದ್ದವು. ಅವಳು ಅಲ್ಲೇ ಕೂತು ಆಸ್ಪತ್ರೆಗೆ ತುರ್ತು ಪತ್ರ ಬರೆದಳು. ಆ ಹುಡುಗಿಗೆ ನಾನು ಇವತ್ತಿಗೂ ಋಣಿ. ಇದು ವಯಸ್ಸಾದವರಿಗೆ ಬರುವ ಪೊರೆ ಇರಬೇಕು, ನೋಡೋಣ ಬಿಡಿ ಎಂದು ಅವಳು ಅಂದಿದ್ದರೆ ನನಗೂ ಅದೇ ಬೇಕಾಗಿತ್ತು. ಸುಮ್ನೆ ಮನೆಗೆ ಬರುತ್ತಿದ್ದೆ. ಈ ಕಾಯಿಲೆಯಲ್ಲಿ ಕೆಲವು ವಾರ ಸುಮ್ಮನಿದ್ದರೂ ಕಳೆದುಕೊಳ್ಳುವುದು ಜಾಸ್ತಿ.

ಆಸ್ಪತ್ರೆಯಲ್ಲಿ ಕೈಗೆ ಹಳದಿ ಬಣ್ಣದ ದ್ರವ ಚುಚ್ಚಿ ಕಣ್ಣಿನ ಫೋಟೋ ತೆಗೆದರು. ಆ ದಿನ ಮೈಯೂ ಹಳದಿ, ಮೂತ್ರವೂ ಹಳದಿ. ಆಮೇಲೆ ಓಸಿಟಿ ಸ್ಕ್ಯಾನ್. ಡಾಕ್ಟರ್ ಪರದೆ ನನ್ನ ಕಡೆ ತಿರುಗಿಸಿ ತೋರಿಸಿದರು. ಕಣ್ಣಿನ ಹಿಂಭಾಗದ ಪದರಗಳು ಮಲೆನಾಡಿನ ಗುಡ್ಡದ ಸಾಲಿನ ಹಾಗೆ ಒಂದರ ಕೆಳಗೊಂದು ಮಲಗಿದ್ದವು. ನಡುವಿನಲ್ಲಿ ಒಂದು ಕಡೆ ಗುಡ್ಡ ಎದ್ದಿತ್ತು, ಅದರ ಅಡಿಯಲ್ಲಿ ಕಪ್ಪು ಕೆರೆ. ಆ ಕೆರೆಯೇ ಕಾಯಿಲೆ.

ಕಣ್ಣಿನ ಹಿಂಭಾಗದ ಪರದೆಗೆ ರೆಟಿನಾ ಎನ್ನುತ್ತಾರೆ. ಅದರ ನಟ್ಟನಡುವೆ ಮ್ಯಾಕ್ಯುಲಾ ಎಂಬ ಚಿಕ್ಕ ಜಾಗ ಇದೆ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅದರ ಕೆಲಸ. ವಯಸ್ಸಾದಂತೆ ಕೆಲವರಿಗೆ ಅದು ಸವೆಯುತ್ತದೆ. ಒಣ ಬಗೆ, ಒದ್ದೆ ಬಗೆ ಎಂದು ಎರಡಿವೆ. ಒಣ ಬಗೆ ನಿಧಾನ. ಒದ್ದೆ ಬಗೆಯಲ್ಲಿ ರೆಟಿನಾದ ಅಡಿಯಿಂದ ಬೇಡದ ಹೊಸ ರಕ್ತನಾಳಗಳು ಚಿಗುರುತ್ತವೆ. ಅವು ಗಟ್ಟಿ ಇರುವುದಿಲ್ಲ, ಸೋರುತ್ತವೆ. ಸೋರಿದ ನೀರು, ರಕ್ತ ಮ್ಯಾಕ್ಯುಲಾವನ್ನು ಮೇಲಕ್ಕೆತ್ತುತ್ತದೆ. ನೇರ ಗೆರೆ ಬಾಗುವುದು ಅದಕ್ಕೇ. ನನಗೆ ಬಂದದ್ದು ಒದ್ದೆ ಬಗೆ.

ಮದ್ದು ಇದೆ ಎಂದರು. ರಾನಿಬಿಜುಮಾಬ್, ಲುಸೆಂಟಿಸ್ ಎಂಬ ಹೆಸರಲ್ಲಿ ಬರುತ್ತದೆ. ಆ ನಾಳಗಳನ್ನು ಚಿಗುರಿಸುವ ಪದಾರ್ಥವನ್ನೇ ಅದು ತಡೆಯುತ್ತದೆ. ಇಂಗ್ಲೆಂಡಿನಲ್ಲಿ 2008ರಿಂದ ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುತ್ತಾರೆ. "ಹೇಗೆ ಕೊಡ್ತೀರಿ, ಮಾತ್ರೆಯಾ?" ಎಂದು ಕೇಳಿದೆ. "ಕಣ್ಣಿನ ಒಳಗೆ ಇಂಜೆಕ್ಷನ್" ಎಂದರು. ಪಕ್ಕದಲ್ಲಿದ್ದ ನಮ್ಮವರು ನನ್ನ ಕೈ ಹಿಡಿದುಕೊಂಡರು.

ಆ ಸೂಜಿಯ ಬಗ್ಗೆ ಸ್ವಲ್ಪ ಬಿಡಿಸಿಯೇ ಹೇಳಬೇಕು. ಇಲ್ಲದಿದ್ದರೆ ಮುಂದೆ ನಾನು ಹೇಳುವುದು ಅರ್ಥವಾಗುವುದಿಲ್ಲ.

ಮೊದಲು ಮರಗಟ್ಟಿಸುವ ಹನಿ. ಆಮೇಲೆ ಕಂದು ಬಣ್ಣದ ಅಯೋಡಿನ್‌ನಿಂದ ಕಣ್ಣು ತೊಳೆಯುತ್ತಾರೆ. ಸೋಂಕು ತಡೆಯುವುದು ಅದೇ, ಅದಕ್ಕೇ ಬಿಡುವ ಹಾಗಿಲ್ಲ. ಮುಖದ ಮೇಲೆ ಬಟ್ಟೆ, ಕಣ್ಣಿಗೆ ಮಾತ್ರ ಕಿಂಡಿ. ರೆಪ್ಪೆ ಮುಚ್ಚದ ಹಾಗೆ ತಂತಿಯ ಒಂದು ಹಿಡಿಕೆ ಇಡುತ್ತಾರೆ. ಕಪ್ಪು ಗುಡ್ಡೆಯ ಅಂಚಿನಿಂದ ಮೂರೂವರೆ, ನಾಲ್ಕು ಮಿಲಿಮೀಟರ್ ಅಳೆದು ಬಿಳಿಗುಡ್ಡೆಯ ಮೇಲೆ ಗುರುತು ಹಾಕುತ್ತಾರೆ. "ಮೇಲಕ್ಕೆ ನೋಡಿ" ಎನ್ನುತ್ತಾರೆ. ಒಂದು ಒತ್ತು. ಒಳಗೆ ಹೋಗುವ ಮದ್ದು 0.05 ಮಿಲಿಲೀಟರ್ ಅಷ್ಟೇ. ಒಂದು ಹನಿ. ಕಣ್ಣೊಳಗೆ ಹೊಗೆ ಹರಡಿದ ಹಾಗೆ ಮದ್ದು ಇಳಿಯುವುದು ಕಾಣಿಸುತ್ತದೆ. ತಕ್ಷಣ ಕೈ ಆಡಿಸಿ "ಎಷ್ಟು ಬೆರಳು?" ಎಂದು ಕೇಳುತ್ತಾರೆ.

ನೋವು ಅಂದುಕೊಂಡಷ್ಟಿಲ್ಲ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ನಿಜವೂ ಹೌದು. ಆದರೆ ನೋವೊಂದೇ ಲೆಕ್ಕಕ್ಕೆ ಬರುವುದಲ್ಲ. ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಆ ದಿನ ಒಬ್ಬರು ಜೊತೆಗೆ ಬರಲೇಬೇಕು, ಗಾಡಿ ಓಡಿಸುವ ಹಾಗಿಲ್ಲ. ಸಂಜೆ ಅಯೋಡಿನ್ ಉರಿ ಶುರುವಾದರೆ ಕಣ್ಣಿಗೆ ಮರಳು ಹಾಕಿದ ಹಾಗೆ. ಎರಡು ದಿನ ಕಪ್ಪು ಗುಳ್ಳೆ ತೇಲುತ್ತದೆ. ಆಮೇಲೆ ಒಂದು ವಾರ ಕೊಂಚ ಕೆಂಪಾದರೂ ಸೋಂಕು ಬಂತಾ ಎಂಬ ಹೆದರಿಕೆ. ಅಷ್ಟೆಲ್ಲ ಮುಗಿದು ನೆಮ್ಮದಿ ಆಗುವಷ್ಟರಲ್ಲಿ ಮುಂದಿನ ತಿಂಗಳ ಪತ್ರ ಬಂದಿರುತ್ತದೆ.

ಅಡುಗೆಮನೆ ಗೋಡೆಗೆ ಅಣ್ಣ ಪ್ರತಿ ವರ್ಷ ಕಳಿಸುವ ಕ್ಯಾಲೆಂಡರ್ ಇರುತ್ತದೆ. ಏಕಾದಶಿ, ಸಂಕಷ್ಟಿ ಎಲ್ಲ ಅಚ್ಚಾಗಿರುವಂಥದ್ದು. ಅದರ ಮೇಲೆ ನಮ್ಮವರು ಸೂಜಿ ಬಿದ್ದ ದಿನಕ್ಕೆಲ್ಲ ಕೆಂಪು ಸುತ್ತು ಹಾಕುತ್ತಾ ಬಂದರು. ಮೊದಲ ಮೂರು ತಿಂಗಳು ತಿಂಗಳಿಗೊಂದು ಕಡ್ಡಾಯ. ಆಮೇಲೆ ಸ್ಕ್ಯಾನ್‌ನಲ್ಲಿ ನೀರು ಕಂಡರೆ ಮಾತ್ರ. ನನಗೆ ಹೆಚ್ಚಿನ ಸಲ ಕಾಣುತ್ತಿತ್ತು. ಆರು ವಾರ ಒಣಗಿರುತ್ತಿತ್ತು, ಮತ್ತೆ ಕೆರೆ ತುಂಬುತ್ತಿತ್ತು. 2016ರ ಜೂನ್ ಹೊತ್ತಿಗೆ 14 ಸುತ್ತುಗಳಾಗಿದ್ದವು.

ಆ ಜೂನ್‌ನಲ್ಲೇ ಡಾಕ್ಟರ್ ಒಂದು ದಪ್ಪ ಪತ್ರ ಕೈಗಿಟ್ಟರು. "ಒಂದು ಪ್ರಯೋಗ ನಡೀತಾ ಇದೆ. ನಿಮಗೆ ಹೊಂದುತ್ತೆ ಅನ್ನಿಸ್ತು. ಓದಿ ನೋಡಿ, ಅವಸರ ಇಲ್ಲ."

ಪ್ರಯೋಗದ ಹೆಸರು ಸ್ಟಾರ್. ಮುನ್ನಡೆಸುತ್ತಿದ್ದವರು ಕಿಂಗ್ಸ್ ಕಾಲೇಜ್ ಲಂಡನ್‌ನ ಪ್ರೊಫೆಸರ್ ಟಿಮೊಥಿ ಜಾಕ್ಸನ್. ದೇಶದ 30 ಆಸ್ಪತ್ರೆಗಳಿಂದ ಜನರನ್ನು ಸೇರಿಸಿಕೊಳ್ಳುತ್ತಿದ್ದರು. ಸೂಜಿ ಮದ್ದು ನಡೆಯುತ್ತಿದ್ದರೂ ಮತ್ತೆ ಮತ್ತೆ ನೀರು ತುಂಬುವ ಕಣ್ಣಿಗೆ ಒಂದೇ ಒಂದು ಸಲ ವಿಕಿರಣ ಕೊಟ್ಟರೆ ಮುಂದೆ ಬೇಕಾಗುವ ಸೂಜಿಗಳು ಕಡಿಮೆ ಆಗುತ್ತವೆಯೇ? ಕಣ್ಣಿನ ದೃಷ್ಟಿಗೆ ಕೆಡುಕಾಗದೆ ಉಳಿಯುತ್ತದೆಯೇ? ಅವರ ಪ್ರಶ್ನೆ ಇಷ್ಟೇ.

ವಿಕಿರಣ ಎಂದರೆ ನಮ್ಮ ಕಡೆ ಎಲ್ಲರೂ ಅನ್ನುವುದು 'ಕರೆಂಟ್ ಕೊಡೋದು' ಎಂದು. ಫೋನಿನಲ್ಲಿ ಹೇಳಿದ ಕೂಡಲೇ ಅಣ್ಣನ ದನಿ ಇಳಿಯಿತು.

"ಕಣ್ಣಿಗೂ ಕರೆಂಟ್ ಕೊಡ್ತಾರೇನೇ ಮಾರಾಯ್ತಿ? ನಿನ್ನ ಅತ್ತಿಗೆಗೆ ಕೊಟ್ಟದ್ದು ಮರೆತ್ಯಾ?"

ಮರೆತಿರಲಿಲ್ಲ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಅತ್ತಿಗೆಗೆ ಸ್ತನದ ಕ್ಯಾನ್ಸರ್‌ಗೆ 25 ದಿನ ಕೊಟ್ಟಿದ್ದರು. ಚರ್ಮ ಸುಟ್ಟು ಕಪ್ಪಾಗಿತ್ತು. ಅತ್ತಿಗೆ ಬದುಕಿದರು, ಇವತ್ತಿಗೂ ಗಟ್ಟಿಯಾಗಿದ್ದಾರೆ. ಆದರೂ ಆ ಕಪ್ಪು ಚರ್ಮ ಅಣ್ಣನ ಕಣ್ಣಿಗೆ ಕಟ್ಟಿದೆ. ನನಗೂ ಕಟ್ಟಿತ್ತು.

ಲಂಡನ್‌ನಲ್ಲಿ ಓದಿ ಅಲ್ಲೇ ಕೆಲಸದಲ್ಲಿದ್ದ ಮಗ ಇನ್ನೂ ನೇರವಾಗಿ ಕೇಳಿದ. "ಅಮ್ಮಾ, ನಿನ್ನ ಕಣ್ಣಿನ ಮೇಲೇ ಪ್ರಯೋಗ ಮಾಡಿಸ್ಕೋಬೇಕಾ? ಬೇರೆಯವರು ಮಾಡಿಸ್ಕೊಳ್ಳಲಿ, ಗೊತ್ತಾದ್ಮೇಲೆ ನೀನು ತಗೋ."

ಆ ಮಾತು ನನ್ನನ್ನು ಎರಡು ದಿನ ಕಾಡಿತು. ಬೇರೆಯವರು ಎಂದರೆ ಯಾರು? ನಾನು ಹಾಕಿಸಿಕೊಳ್ಳುತ್ತಿದ್ದ ಲುಸೆಂಟಿಸ್ ಕೂಡ ಹಿಂದೆ ಯಾರೋ ತಮ್ಮ ಕಣ್ಣು ಕೊಟ್ಟು ಪರೀಕ್ಷೆ ಮಾಡಿಸಿದ್ದೇ ಅಲ್ವಾ? ಅವರ ಹೆಸರೂ ನನಗೆ ಗೊತ್ತಿಲ್ಲ.

ಹಾಗೆಂದು ಕಣ್ಣು ಮುಚ್ಚಿ ಒಪ್ಪಲಿಲ್ಲ. ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಪ್ರಯೋಗದ ನರ್ಸ್ ಒಂದು ಗಂಟೆಗೂ ಜಾಸ್ತಿ ಕೂತು ಉತ್ತರ ಹೇಳಿದರು.

ವಿಕಿರಣ ಏನು ಮಾಡುತ್ತದೆ? ಬೇಗ ಬೇಗ ಒಡೆದು ಎರಡಾಗುವ ಜೀವಕೋಶಗಳಿಗೆ ಅದರ ಏಟು ಜೋರು. ಹೊಸದಾಗಿ ಚಿಗುರುವ ನಾಳಗಳ ಜೀವಕೋಶಗಳು ಅಂಥವು. ಜೊತೆಗೆ ಅಲ್ಲಿನ ಉರಿಯೂತ, ಗಾಯ ಕಟ್ಟುವುದು ಎರಡನ್ನೂ ತಗ್ಗಿಸುತ್ತದೆ. ಎಷ್ಟು ಕೊಡುತ್ತೀರಿ? 16 ಗ್ರೇ, ಒಂದೇ ಸಲ. ಗ್ರೇ ಎಂದರೆ ವಿಕಿರಣದ ಅಳತೆ. ಅತ್ತಿಗೆಗೆ ದಿನಕ್ಕೆ 2 ಗ್ರೇ ಹಾಗೆ 25 ದಿನ, ಒಟ್ಟು 50. ನನಗೆ ಒಂದೇ ದಿನ, ಆದರೆ ಬೀಳುವುದು 4 ಮಿಲಿಮೀಟರ್ ಅಗಲದ ಜಾಗಕ್ಕೆ. ಹೆಚ್ಚೂಕಡಿಮೆ ಒಂದು ತೊಗರಿಬೇಳೆಯಷ್ಟು. ಹಿಂದೆ ಯಾರಿಗಾದರೂ ಕೊಟ್ಟಿದ್ದೀರಾ? ಯುರೋಪಿನಲ್ಲಿ 230 ಜನರ ಮೇಲೆ ಇಂಟ್ರೆಪಿಡ್ ಎಂಬ ಪ್ರಯೋಗ ನಡೆದಿತ್ತು, ಸೂಜಿ ಕಡಿಮೆ ಆಗಿತ್ತು.

ಅದಕ್ಕೂ ಮೊದಲಿನ ಇನ್ನೊಂದು ದಾರಿಯ ಬಗ್ಗೆಯೂ ಅವರು ಮುಚ್ಚಿಡದೆ ಹೇಳಿದರು. ಕಣ್ಣಿಗೆ ಆಪರೇಷನ್ ಮಾಡಿ, ಸ್ಟ್ರಾನ್ಷಿಯಂ-90 ಎಂಬ ವಿಕಿರಣ ವಸ್ತು ಇರುವ ಕಡ್ಡಿಯನ್ನು ಕಣ್ಣೊಳಗೇ ಮ್ಯಾಕ್ಯುಲಾದ ಮೇಲೆ ಸ್ವಲ್ಪ ಹೊತ್ತು ಹಿಡಿಯುವ ವಿಧಾನ. 494 ಜನರಲ್ಲಿ ನೋಡಿದ ಕ್ಯಾಬರ್ನೆಟ್ ಪ್ರಯೋಗದಲ್ಲಿ ಅದು ಸೂಜಿ ಮದ್ದಿನಷ್ಟು ದೃಷ್ಟಿ ಉಳಿಸಲಿಲ್ಲ. ಸೋತದ್ದನ್ನೂ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ನನಗೆ ಸಕ್ಕರೆ ಕಾಯಿಲೆ ಇದೆಯಾ ಎಂದು ಎರಡೆರಡು ಸಲ ಕೇಳಿದರು. ಸಕ್ಕರೆ ಕಾಯಿಲೆಯೂ ವಿಕಿರಣವೂ ರೆಟಿನಾದ ಸಣ್ಣ ನಾಳಗಳನ್ನೇ ಕೆಡಿಸುತ್ತವೆ, ಎರಡೂ ಸೇರಿದರೆ ಅಪಾಯ. ನಮ್ಮ ಮನೆತನದಲ್ಲಿ ಸಕ್ಕರೆ ಇಲ್ಲದವರೇ ಕಡಿಮೆ. ನನಗೆ ಅದೃಷ್ಟಕ್ಕೆ ಇರಲಿಲ್ಲ.

ಎಲ್ಲಕ್ಕಿಂತ ಕಷ್ಟವಾದ ಮಾತು ಕೊನೆಗೆ ಬಂತು. ಸೇರಿದ ಮೂವರಲ್ಲಿ ಇಬ್ಬರಿಗೆ ನಿಜವಾದ ಕಿರಣ. ಒಬ್ಬರಿಗೆ ಹುಸಿ. ಕುರ್ಚಿಯೂ ಅದೇ, ಲೆನ್ಸೂ ಅದೇ, ಎಕ್ಸ್-ರೇ ಮಾತ್ರ ಬರುವುದಿಲ್ಲ. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ನನಗೂ ಹೇಳುವುದಿಲ್ಲ, ಕಣ್ಣು ಪರೀಕ್ಷಿಸುವ ಡಾಕ್ಟರಿಗೂ ಹೇಳುವುದಿಲ್ಲ. ಕಿರಣದವರಿಗೂ ಹುಸಿಯವರಿಗೂ ಬೇಕಾದಾಗ ಸೂಜಿ ಮದ್ದು ಮಾತ್ರ ತಪ್ಪುವುದಿಲ್ಲ.

ಗಣಿತ ಕಲಿಸಿದವಳಿಗೆ ಇದರ ಅಗತ್ಯ ತಲೆಗೆ ಹತ್ತಿತು. ಮನಸ್ಸಿಗೆ ಹತ್ತಲು ಇನ್ನೊಂದು ವಾರ ಬೇಕಾಯಿತು. ಸಹಿ ಹಾಕಿದೆ.

ಯಂತ್ರ ದೇಶದಲ್ಲಿ ಕೆಲವೇ ಕಡೆ ಇತ್ತು. ಹಾಗಾಗಿ ಜುಲೈನ ಒಂದು ಬೆಳಗ್ಗೆ ನಾವಿಬ್ಬರೂ ಲಂಡನ್ ರೈಲು ಹತ್ತಿದೆವು. ಕೊವೆಂಟ್ರಿಯಿಂದ ಯೂಸ್ಟನ್‌ಗೆ ಒಂದು ಗಂಟೆ. ಡಬ್ಬಿಯಲ್ಲಿ ಚಿತ್ರಾನ್ನ ಇತ್ತು. ಇಬ್ಬರೂ ಮುಟ್ಟಲಿಲ್ಲ.

"ಏನೇ, ಹೆದರಿಕೆ ಆಗ್ತಿದ್ಯಾ?" ಎಂದರು ನಮ್ಮವರು.

"ಹೆದರಿಕೆ ಅಲ್ಲ ರೀ. ಹುಸಿ ಬಂದ್ರೆ ಸುಮ್ನೆ ಇಷ್ಟು ದೂರ ಬಂದ ಹಾಗಾಗುತ್ತಲ್ಲ ಅಂತ."

"ವಾಪಸ್ ಹೋಗೋಣ ಅಂದ್ರೆ ಈಗಲೂ ಹೋಗೋಣ" ಎಂದರು. ಅವರು ಹಾಗೆ ಅಂದದ್ದಕ್ಕೇ ನನ್ನ ಮನಸ್ಸು ಗಟ್ಟಿಯಾಯಿತು.

ಆಸ್ಪತ್ರೆಯಲ್ಲಿ ನಮ್ಮ ಪಕ್ಕದ ಕುರ್ಚಿಯಲ್ಲಿ ಒಬ್ಬ ಇಂಗ್ಲಿಷ್ ಹಿರಿಯರು ಕೂತಿದ್ದರು. ಮಾತಾಡುತ್ತಾ ನೋಡಿದರೆ ಅವರೂ ಕೊವೆಂಟ್ರಿಯವರೇ. ನಮ್ಮ ಶಾಲೆಯ ಮುಂದಿನ ರಸ್ತೆಯಲ್ಲಿ ಬಸ್ಸು ಓಡಿಸುತ್ತಿದ್ದವರು. ಎಡಗಣ್ಣಿಗೆ ಅವರಿಗೆ ಅದೇ ಕಾಯಿಲೆ, 19 ಸೂಜಿ ಆಗಿತ್ತು. ಅವರೂ ಹೆಂಡತಿಯ ಜೊತೆ ಬಂದಿದ್ದರು. ಒಳಗೆ ಕರೆದಾಗ ಎದ್ದು ನಿಂತು, "ಮೊದಲು ನಾನು ಹೋಗಿ ನೋಡಿ ಬರ್ತೀನಿ, ಆಮೇಲೆ ನೀವು ಬನ್ನಿ" ಎಂದು ನನಗೆ ಧೈರ್ಯ ಹೇಳಿ ಹೋದರು. ಅರ್ಧ ಗಂಟೆ ಕಳೆದು ಬಂದು, "ಸೂಜಿಗಿಂತ ಸುಲಭ" ಎಂದರು.

ಕ್ಯಾನ್ಸರ್ ವಿಭಾಗದಂಥ ದಪ್ಪ ಗೋಡೆಯ ನೆಲಮಾಳಿಗೆ ಎಂದುಕೊಂಡು ಹೋಗಿದ್ದೆ. ಅದು ಸಾಮಾನ್ಯ ಕೋಣೆ. ಈ ಯಂತ್ರದ ಎಕ್ಸ್-ರೇ ಕಡಿಮೆ ಶಕ್ತಿಯದ್ದು, ಹಾಗಾಗಿ ಸಿಬ್ಬಂದಿ ಒಂದು ಮರೆಯ ಹಿಂದೆ ನಿಂತರೆ ಸಾಕು. ಯಂತ್ರದ ಹೆಸರು ಐರೇ. ಕ್ಯಾಲಿಫೋರ್ನಿಯಾದ ಒರಾಯ ಎಂಬ ಕಂಪನಿ ಮಾಡಿದ್ದು. ಕನ್ನಡಕದಂಗಡಿಯಲ್ಲಿ ಗದ್ದ ಇಟ್ಟು ಕೂರುವ ಯಂತ್ರದ್ದೇ ದೊಡ್ಡ ರೂಪ.

ಮೊದಲು ಕಣ್ಣಿನ ಉದ್ದ ಅಳೆದರು. ಕಣ್ಣು ಎಷ್ಟು ಉದ್ದ ಎಂಬುದರ ಮೇಲೆ ಕಿರಣದ ಲೆಕ್ಕ ನಿಂತಿದೆ. ಆಮೇಲೆ ಹನಿ ಹಾಕಿ ಮರಗಟ್ಟಿಸಿದರು. ಗದ್ದ ಒಂದು ಕಟ್ಟೆಯ ಮೇಲೆ, ಹಣೆ ಒಂದು ಪಟ್ಟಿಗೆ, ತಲೆಯ ಹಿಂದೆ ಇನ್ನೊಂದು ಪಟ್ಟಿ. ಆಮೇಲೆ ಬಂದದ್ದು ಲೆನ್ಸ್. ಕಾಂಟ್ಯಾಕ್ಟ್ ಲೆನ್ಸ್‌ನ ಹಾಗೆ ಕಣ್ಣಿನ ಮೇಲೆ ಕೂರುತ್ತದೆ, ಆದರೆ ಅದಕ್ಕೊಂದು ಕೊಳವೆ. ಸಣ್ಣಗೆ ಗಾಳಿ ಎಳೆದು ಕಣ್ಣಿಗೆ ಕಚ್ಚಿಕೊಳ್ಳುತ್ತದೆ. ಕಣ್ಣು ಆ ಕಡೆ ಈ ಕಡೆ ಹೋಗದ ಹಾಗೆ ಅದು ಹಿಡಿದಿಡುತ್ತದೆ. ನೋವಿಲ್ಲ, ಒತ್ತಿದ ಹಾಗೆ. ಹಲಸಿನ ಅಂಟು ಕೈಗೆ ಹತ್ತಿದಾಗ ಬಿಡಿಸಿಕೊಳ್ಳಲಾಗದ ಒಂದು ಕಸಿವಿಸಿ ಇರುತ್ತದಲ್ಲ, ಅದು.

"ಕಣ್ಣು ಅಲುಗಾಡಿದರೆ ಏನಾಗುತ್ತೆ?" ನನ್ನ ಹಾಳೆಯ ಕೊನೆಯ ಪ್ರಶ್ನೆ ಅದೇ ಆಗಿತ್ತು.

ಯಂತ್ರವೇ ಕಣ್ಣನ್ನು ನೋಡುತ್ತಾ ಇರುತ್ತದೆ, ಹದ್ದು ಮೀರಿ ಅಲುಗಾಡಿದರೆ ಕಿರಣ ತಾನೇ ನಿಲ್ಲುತ್ತದೆ ಎಂದರು. ಆಮೇಲೆ ಎಲ್ಲರೂ ಮರೆಯ ಹಿಂದೆ ಹೋದರು. ನಾನೊಬ್ಬಳೇ.

ಕಿರಣ ಮುಂದಿನಿಂದ ನೇರವಾಗಿ ಬರುವುದಿಲ್ಲ. ಬಂದರೆ ಕಣ್ಣಿನ ಮಸೂರಕ್ಕೆ ತಾಗಿ ಪೊರೆ ಬರಬಹುದು. ಅದಕ್ಕೇ ಕೆಳಗಿನಿಂದ, ಬಿಳಿಗುಡ್ಡೆಯ ಮೂರು ಬೇರೆ ಬೇರೆ ಜಾಗದಿಂದ ಒಂದಾದ ಮೇಲೊಂದು ಮೂರು ಕಿರಣ. ಒಂದೊಂದರಲ್ಲೂ 16 ಗ್ರೇಯ ಮೂರನೇ ಒಂದು ಪಾಲು. ಮೂರೂ ಹೋಗಿ ಸೇರುವುದು ಮ್ಯಾಕ್ಯುಲಾದಲ್ಲಿ. ದಾರಿಯಲ್ಲಿ ಯಾವ ಜಾಗಕ್ಕೂ ಪೂರ್ತಿ ಏಟಿಲ್ಲ, ಸೇರುವ ಜಾಗಕ್ಕೆ ಮಾತ್ರ ಪೂರ್ತಿ. ಈ ಉಪಾಯ ಕೇಳಿದಾಗಲೇ ನನಗೆ ತುಂಬಾ ಹಿಡಿಸಿತ್ತು. ತ್ರಿಕೋನದ ಪಾಠದಲ್ಲಿ ಮೂರು ಗೆರೆ ಒಂದೇ ಬಿಂದುವಿನಲ್ಲಿ ಕೂಡುವುದನ್ನು ಎಷ್ಟು ಸಲ ತೋರಿಸಿದ್ದೆ!

ಒಂದೊಂದು ಕಿರಣವೂ ಒಂದು ನಿಮಿಷದೊಳಗೇ ಮುಗಿಯಿತು. ನಡುವೆ ಯಂತ್ರ ತನ್ನ ಜಾಗ ಬದಲಿಸಿತು. ನಾನು ಮನಸ್ಸಿನಲ್ಲಿ ಒಂದು, ಎರಡು ಎಂದು ಎಣಿಸುತ್ತಿದ್ದೆ. ಅರವತ್ತು ವರ್ಷದ ಹಿಂದೆ ಸಾಗರದ ಶಾಲೆಯಲ್ಲಿ ಎಣಿಸಿದ ಹಾಗೆ, ರಾಗವಾಗಿ. ಬೆಳಕಿಲ್ಲ, ಬಿಸಿಯಿಲ್ಲ, ಏನೂ ಅನ್ನಿಸಲಿಲ್ಲ. ನಿಜವಾದ ಕಿರಣ ಬಂದರೂ ಏನೂ ಅನ್ನಿಸುವುದಿಲ್ಲ ಎಂದು ಮೊದಲೇ ಹೇಳಿದ್ದರು. ಆದರೂ ಏನಾದರೂ ಸುಳಿವು ಸಿಗುತ್ತದಾ ಎಂದು ಮೈಯೆಲ್ಲ ಕಿವಿಯಾಗಿತ್ತು.

ಲೆನ್ಸ್ ತೆಗೆದು, ಕಣ್ಣು ತೊಳೆದು, ಕೃತಕ ಕಣ್ಣೀರಿನ ಸೀಸೆ ಕೊಟ್ಟರು. ಕಣ್ಣು ಎರಡು ದಿನ ಕರಕರ ಅನ್ನುತ್ತಿತ್ತು, ಅಷ್ಟೇ. ಮರಳುವಾಗ ರೈಲಿನಲ್ಲಿ ನಾಲ್ವರೂ ಒಟ್ಟಿಗೆ ಕೂತೆವು. ಚಿತ್ರಾನ್ನದ ಡಬ್ಬಿ ತೆಗೆದೆ. ಬಸ್ಸಿನ ಹಿರಿಯರು ಎರಡು ಸಲ ಹಾಕಿಸಿಕೊಂಡರು.

ಆಮೇಲಿನ ಎರಡು ವರ್ಷ ಹೇಳುವುದಕ್ಕೆ ಏನೂ ಇಲ್ಲದ ಹಾಗಿತ್ತು. ನಾಲ್ಕು ವಾರಕ್ಕೊಮ್ಮೆ ಆಸ್ಪತ್ರೆ. ಅಕ್ಷರದ ಹಲಗೆ ಓದುವುದು, ಸ್ಕ್ಯಾನ್, ನೀರಿದ್ದರೆ ಸೂಜಿ, ಇಲ್ಲದಿದ್ದರೆ ಮನೆಗೆ. ಮೊದಲ ಮೂರು ನಾಲ್ಕು ತಿಂಗಳಲ್ಲಿ ಏನೂ ಬದಲಾವಣೆ ಕಾಣಲಿಲ್ಲ. ನನಗೆ ಹುಸಿಯೇ ಬಂದದ್ದು ಎಂದು ತೀರ್ಮಾನ ಮಾಡಿಬಿಟ್ಟೆ. ಆಮೇಲೆ ಒಮ್ಮೆ ಒಣಗಿದ ಸ್ಕ್ಯಾನ್ ಬಂತು. ಮುಂದಿನ ತಿಂಗಳೂ ಒಣಗಿತ್ತು. ಅದರ ಮುಂದಿನದ್ದೂ. ಆಗ ನಿಜವೇ ಬಂದದ್ದು ಎಂದುಕೊಂಡೆ. ಮತ್ತೆ ನೀರು ತುಂಬಿದಾಗ ಮತ್ತೆ ಹುಸಿ. ಹೀಗೇ ಎರಡು ವರ್ಷ.

2018ರ ಜುಲೈನಲ್ಲಿ ನಮ್ಮವರು ಹಳೆಯ ಕ್ಯಾಲೆಂಡರ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ ಎಣಿಸಿದರು. ಲಂಡನ್‌ಗೆ ಹೋಗುವ ಮೊದಲಿನ 20 ತಿಂಗಳಲ್ಲಿ 14. ಆಮೇಲಿನ 24 ತಿಂಗಳಲ್ಲಿ 11.

"ನೋಡೇ, ಕಡಿಮೆ ಆಗಿದೆ!" ಎಂದರು.

ನಾನು ಒಪ್ಪಲಿಲ್ಲ. ಮೊದಲಿನ 14ರಲ್ಲಿ ಮೂರು ಕಡ್ಡಾಯದವು, ಅವನ್ನು ಬಿಡಬೇಕು. ಕಾಯಿಲೆಯೂ ಕಾಲ ಕಳೆದಂತೆ ಕೆಲವರಲ್ಲಿ ತಾನೇ ತಣ್ಣಗಾಗುತ್ತದೆ. ಕಿರಣ ಬೀಳದಿದ್ದರೆ ಇದೇ ಕಣ್ಣಿಗೆ ಎಷ್ಟು ಸೂಜಿ ಬೇಕಾಗುತ್ತಿತ್ತು? ಅದನ್ನು ಹೇಳಲು ನನಗೆ ಇನ್ನೊಂದು ಬಲಗಣ್ಣು ಇಲ್ಲ. ಅದಕ್ಕೇ ಅಲ್ವಾ ಅಷ್ಟೊಂದು ಜನ ಬೇಕಾಗಿದ್ದು.

ವಿಕಿರಣದ ಕೆಡುಕು ತಡವಾಗಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಮೂರನೆಯ, ನಾಲ್ಕನೆಯ ವರ್ಷವೂ ಕರೆದು ಫೋಟೋ ತೆಗೆದರು. ಮೂರನೆಯ ವರ್ಷ ಡಾಕ್ಟರ್ ಫೋಟೋವನ್ನು ಬಹಳ ಹೊತ್ತು ನೋಡಿದರು. ಕೆಲವು ಸಣ್ಣ ನಾಳಗಳು ಸ್ವಲ್ಪ ಬದಲಾಗಿವೆ, ಈಗ ದೃಷ್ಟಿಗೆ ಏನೂ ತೊಂದರೆ ಇಲ್ಲ, ಗಮನ ಇಡೋಣ ಎಂದರು. ಆ ರಾತ್ರಿ ನಿಜವಾಗಿ ಹೆದರಿದೆ. ಅಣ್ಣನ ಮಾತು, ಅತ್ತಿಗೆಯ ಕಪ್ಪು ಚರ್ಮ ಎಲ್ಲ ನೆನಪಾಯಿತು. ಮಗನಿಗೆ ಹೇಳಲಿಲ್ಲ. ನಮ್ಮವರಿಗೆ ಹೇಳಿದೆ. ಅವರು ಏನೂ ಮಾತಾಡದೆ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರು. ನಾಲ್ಕನೆಯ ವರ್ಷದ ಭೇಟಿ ಕೋವಿಡ್‌ನಿಂದಾಗಿ ತಡವಾಯಿತು. ಆ ನಾಳಗಳು ಹಾಗೇ ಇದ್ದವು, ಮುಂದಕ್ಕೆ ಹೋಗಿರಲಿಲ್ಲ.

2022ರಲ್ಲಿ ಎಡಗಣ್ಣಿಗೂ ಅದೇ ಬಂತು. ಈ ಸಲ ನಾನೇ ಚೌಕುಳಿ ಚೀಟಿಯಲ್ಲಿ ಹಿಡಿದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ದಿನಾ ಬೆಳಗ್ಗೆ ಹಾಲು ತೆಗೆಯುವಾಗ ಒಂದೊಂದೇ ಕಣ್ಣಿಂದ ನೋಡುತ್ತಿದ್ದೆ. ಒಂದು ಗೆರೆ ಕೊಂಚ ಬಳುಕಿದ ದಿನವೇ ಫೋನ್ ಮಾಡಿದೆ. ಹೊಸ ಕೆಂಪು ಸುತ್ತುಗಳು ಶುರುವಾದವು.

2024ರ ಜೂನ್‌ನಲ್ಲಿ ಪ್ರಯೋಗದ ಫಲ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮಗ ಅಚ್ಚು ತೆಗೆದು, ದಪ್ಪ ಅಕ್ಷರ ಮಾಡಿ ತಂದುಕೊಟ್ಟ. ನಾನು ಭೂತಗನ್ನಡಿ ಹಿಡಿದು ಎರಡು ದಿನ ಓದಿದೆ. 2015ರಿಂದ 2019ರವರೆಗೆ ಸೇರಿದವರು ಒಟ್ಟು 411 ಜನ. 274 ಜನಕ್ಕೆ ಕಿರಣ, 137 ಜನಕ್ಕೆ ಹುಸಿ. ಎರಡು ವರ್ಷದಲ್ಲಿ ಕಿರಣ ಸಿಕ್ಕವರಿಗೆ ಸರಾಸರಿ 10.7 ಸೂಜಿ, ಹುಸಿಯವರಿಗೆ 13.3. ಚಿಕಿತ್ಸೆ ಕೊಟ್ಟ ಕೇಂದ್ರ ಯಾವುದು ಎಂಬುದನ್ನೂ ಲೆಕ್ಕಕ್ಕೆ ಹಿಡಿದರೆ ವ್ಯತ್ಯಾಸ 2.9. ದೃಷ್ಟಿಯಲ್ಲಿ ಕಿರಣದವರು ಹಿಂದೆ ಬಿದ್ದಿರಲಿಲ್ಲ. ಸಣ್ಣ ನಾಳಗಳ ಬದಲಾವಣೆ ಕಿರಣದವರಲ್ಲಿ ನೂರಕ್ಕೆ 35 ಜನರಿಗೆ, ಹುಸಿಯವರಲ್ಲಿ 12 ಜನರಿಗೆ. ಹಾಗೆ ಬದಲಾವಣೆ ಆದವರ ದೃಷ್ಟಿ ಒಟ್ಟಾರೆ ಉಳಿದವರಿಗಿಂತ ಕೆಟ್ಟಿರಲಿಲ್ಲ. ಆ ಸಾಲನ್ನು ಮೂರು ಸಲ ಓದಿದೆ. ಮೂರನೆಯ ವರ್ಷದ ಆ ರಾತ್ರಿಯ ಭಾರ ಆಗ ಇಳಿಯಿತು.

"ಇಷ್ಟೆಲ್ಲ ಮಾಡಿ ಎರಡು ವರ್ಷಕ್ಕೆ ಮೂರು ಸೂಜಿ ಕಡಿಮೇನಾ ಅಮ್ಮಾ?" ಎಂದ ಮಗ. ಹಗುರ ಮಾಡಿ ಕೇಳಿದ್ದಲ್ಲ. ಅವನಿಗೆ ನಿಜವಾಗಿ ಅರ್ಥವಾಗಿರಲಿಲ್ಲ.

ಮೂರು ಸೂಜಿ ಎಂದರೆ ನಿದ್ದೆ ಇಲ್ಲದ ಮೂರು ರಾತ್ರಿ. ಅಯೋಡಿನ್ ಉರಿಯ ಮೂರು ಸಂಜೆ. ಸೋಂಕು ಬಂತಾ ಎಂದು ಕನ್ನಡಿ ನೋಡುವ ಮೂರು ವಾರ. ಎಂಬತ್ತು ದಾಟಿದ ನಮ್ಮವರು ಕತ್ತಲೆಯ ಚಳಿಯಲ್ಲಿ ಗಾಡಿ ಓಡಿಸುವುದು ಮೂರು ಸಲ ತಪ್ಪಿತು. ಮೈಸೂರಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗಳಿಗೂ ಇದೇ ಕಾಯಿಲೆ. ಅವಳಿಗೆ ಪ್ರತಿ ಸೂಜಿಗೂ ಕೈಯಿಂದ ದುಡ್ಡು. ಕ್ಯಾನ್ಸರಿನ ಅವಾಸ್ಟಿನ್ ಮದ್ದನ್ನೇ ಚಿಕ್ಕ ಚಿಕ್ಕ ಪಾಲು ಮಾಡಿ ಕಣ್ಣಿಗೆ ಕೊಡುತ್ತಾರೆ, ಅದು ಅಗ್ಗ. 2015ರಿಂದ ನಮ್ಮ ದೇಶದ್ದೇ ರಾನಿಬಿಜುಮಾಬ್ ಕೂಡ ಬಂದಿದೆ. ಆದರೂ ಖರ್ಚಿಗೆ ಹೆದರಿ ಅವಳು ನಡುನಡುವೆ ತಪ್ಪಿಸುತ್ತಾಳೆ. ಅಂಥವಳಿಗೆ ಮೂರು ಕಡಿಮೆ ಆದರೆ ಅದು ಸಣ್ಣದಲ್ಲ. ಈ ಚಿಕಿತ್ಸೆ ಇನ್ನೂ ಎಲ್ಲ ಆಸ್ಪತ್ರೆಯಲ್ಲಿ ಕೇಳಿದರೆ ಸಿಗುವಂಥದ್ದಲ್ಲ, ಇಲ್ಲಿಯೂ ಅಷ್ಟೇ. ಬೇಗ ಸಿಗುವ ಹಾಗಾಗಲಿ ಎಂಬುದು ನನ್ನ ದೊಡ್ಡ ಆಸೆ.

ಮಗನಿಗೆ ಇದನ್ನೆಲ್ಲ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಮುಂದಿನ ಸೂಜಿಗೆ ತಾನೇ ರಜೆ ಹಾಕಿ ಬಂದು ಕರೆದುಕೊಂಡು ಹೋದ.

ನನಗೆ ಬಂದದ್ದು ಯಾವುದು ಎಂದು ಕೇಳಿದ್ದಕ್ಕೆ ತಿಳಿಸಿದರು. ನಿಜವಾದ ಕಿರಣ.

ಬಸ್ಸಿನ ಹಿರಿಯರು ಈಗಲೂ ಆಗಾಗ ಕ್ಲಿನಿಕ್ಕಿನಲ್ಲಿ ಸಿಗುತ್ತಾರೆ. ಅವರ ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ಒಬ್ಬರೇ ಬರುತ್ತಾರೆ. ಅವರೂ ಕೇಳಿದ್ದರಂತೆ. ಅವರಿಗೆ ಬಂದದ್ದು ಹುಸಿ.

"ನಾನು ಲಂಡನ್‌ಗೆ ಹೋಗಿ ಸುಮ್ಮನೆ ಕುರ್ಚಿ ಮೇಲೆ ಕೂತು ಬಂದೆ ನೋಡಿ" ಎಂದರು.

ಏನು ಹೇಳಬೇಕೆಂದು ಒಂದು ಗಳಿಗೆ ತೋಚಲಿಲ್ಲ. ಆಮೇಲೆ ಚೀಲದಿಂದ ಪೆನ್ನು ತೆಗೆದು, ಅವರ ಅಪಾಯಿಂಟ್‌ಮೆಂಟ್ ಪತ್ರದ ಹಿಂದೆ ದೊಡ್ಡದಾಗಿ ಬರೆದೆ. 13.3 ಕಳೆ 10.7. "ಈ ಮೊದಲನೆಯ ಸಂಖ್ಯೆ ನಿಮ್ಮದು. ಅದಿಲ್ಲದಿದ್ದರೆ ನನ್ನದನ್ನ ಯಾವುದರಿಂದ ಕಳೆಯೋದು?" ಎಂದೆ.

ಅವರು ಪತ್ರವನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಮಡಿಚಿ ಕೋಟಿನ ಒಳಜೇಬಿಗೆ ಇಟ್ಟುಕೊಂಡರು. ಅಷ್ಟರಲ್ಲಿ ನರ್ಸ್ ನನ್ನ ಹೆಸರು ಕರೆದರು. ಎಡಗಣ್ಣಿಗೆ ಆ ದಿನ ಸೂಜಿ ಇತ್ತು.

"ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ" ಎಂದರು ಅವರು.